ಹೊತ್ತ ಭಾರ, ಎತ್ತಿದ ಭಾರ

ಕಳೆದ ಶ್ರಾವಣದಲ್ಲಿ ದಾವಣಗೆರೆಯ ನಮ್ಮ ಬಂಧುಗಳ ಮನೆಯಲ್ಲಿ ಎರಡು ದಿನ ಉಳಿಯುವ ಪ್ರಸಂಗ ಒದಗಿತು. ಅದು ನಮ್ಮ ದೊಡ್ಡಮ್ಮನ ಮಗಳ ಮನೆ. ಎಂದರೆ ನಮಗೆ ಅಕ್ಕ. ಬೆಳಗಿನ ಐದೂವರೆಗೆ ಎಚ್ಚರವಾದಾಗ ಆ ಮನೆಯ ಸೊಸೆ ಬೂಟು ಕಟ್ಟಿಕೊಂಡು ಬಾಗಿಲು ತೆರೆಯುತ್ತಿದ್ದಳು. ವಾಯುವಿಹಾರಕ್ಕೆ ಹೊರಟಿರಬೇಕೆಂದು ನಾವು ಭಾವಿಸಿದೆವು. ಅಡುಗೆಮನೆಯಿಂದ ಬಂದ ಅಕ್ಕನವರು ಆ ಭಾವನೆಯನ್ನು ತಿದ್ದಿದರು.

"ಜಿಮ್ಮಿಗೆ ಹೋಗ್ತಾಳೆ, ಭಾರ ಎತ್ತಾಕೆ. ನೀನಾದ್ರೂ ಸ್ವಲ್ಪ ಬುದ್ಧಿ ಹೇಳವ್ವ. ಮನೇಲಿ ಎತ್ತಾಕೆ ಭಾರ ಕಡಿಮೆ ಇತ್ತಾ?"

ನಗುತ್ತಲೇ ಆಡಿದ ಮಾತಾದರೂ ಅದು ಊರಿಗೆ ಮರಳಿದ ಮೇಲೂ ನಮ್ಮನ್ನು ಬಿಡಲಿಲ್ಲ. ಪ್ರಶ್ನೆ ಸಹಜವಾದುದೇ ಆಗಿದೆ. ನಮ್ಮ ಹೆಣ್ಣುಮಕ್ಕಳಿಗೆ ಭಾರ ಹೊಸದೇನು? ನಾವು ಚಿಕ್ಕವರಿದ್ದಾಗ ನಮ್ಮ ತಾಯಿಯವರು ಊರ ಬಾವಿಯಿಂದ ದಿನಕ್ಕೆ ಹದಿನೆಂಟು ಕೊಡ ನೀರು ತರುತ್ತಿದ್ದರು. 15 ಲೀಟರಿನ ಕೊಡವೆಂದರೆ ನೀರಿನ ತೂಕವೇ 15 ಕಿಲೋ. ಹದಿನೆಂಟು ಕೊಡಗಳಿಗೆ 270 ಕಿಲೋ! ಈ ಲೇಖನಕ್ಕಾಗಿ ಕಾಗದದ ಮೇಲೆ ಗುಣಿಸಿ ನೋಡುವವರೆಗೆ ಈ ಅಂಕಿ ನಮಗೇ ತಿಳಿದಿರಲಿಲ್ಲ. ಸೇದುವಾಗ ಕೈಗೆ ಬಿದ್ದ ಭಾರ, ಸೌದೆಯ ಹೊರೆ, ಕಂಕುಳಲ್ಲಿ ನಮ್ಮ ತಮ್ಮ, ಇವೆಲ್ಲ ಬೇರೆ. ತಾಯಿಯವರು ಬಲಶಾಲಿಯೆಂದು ಮನೆಯಲ್ಲಾಗಲಿ ಊರಿನಲ್ಲಾಗಲಿ ಯಾರೂ ಅಂದದ್ದು ನೆನಪಿಲ್ಲ. ಜಾತ್ರೆಯಲ್ಲಿ ವರ್ಷಕ್ಕೊಮ್ಮೆ ಗುಂಡುಕಲ್ಲು ಎತ್ತಿದ ಯುವಕನಿಗೆ ಮಾತ್ರ ಡೊಳ್ಳು ಬಾರಿಸಿ, ರುಮಾಲು ಸುತ್ತಿ, ಓಣಿಯ ತುಂಬ ಮೆರವಣಿಗೆ ಮಾಡುತ್ತಿದ್ದರು. ಗರಡಿಮನೆಯ ಹೊಸ್ತಿಲಂತೂ ಹೆಣ್ಣುಮಕ್ಕಳಿಗೆ ನಿಷಿದ್ಧವೇ ಆಗಿತ್ತು.

ಮರುದಿನ ಬೆಳಿಗ್ಗೆ ಕುತೂಹಲ ತಡೆಯಲಾರದೆ ನಾವೂ ಸೊಸೆಯ ಜೊತೆಗೆ ಹೋಗಿದ್ದೆವು. ಹಳೆಯ ಗೋದಾಮೊಂದನ್ನು ತೊಳೆದು ಬಣ್ಣ ಬಳಿದ ಸ್ಥಳ. ಹತ್ತು ಹನ್ನೆರಡು ಮಂದಿ ಹೆಂಗಸರಿದ್ದರು: ಇಬ್ಬರು ಕಾಲೇಜು ವಿದ್ಯಾರ್ಥಿನಿಯರು, ಒಬ್ಬ ಬ್ಯಾಂಕ್ ಉದ್ಯೋಗಿ, ಮೊಮ್ಮಗನನ್ನು ಶಾಲೆಗೆ ಬಿಡುವ ವೇಳೆಯೊಳಗೆ ಮನೆ ಸೇರಬೇಕೆಂದು ಅವಸರಪಡುತ್ತಿದ್ದ ಒಬ್ಬ ಅಜ್ಜಿ. ಗೋಡೆಗೆ ಒರಗಿಸಿದ್ದ ಉಕ್ಕಿನ ಸರಳನ್ನು ತೋರಿಸಿ ಸೊಸೆ ಹೇಳಿದಳು, "ಚಿಕ್ಕತ್ತೆ, ಸ್ಪರ್ಧೆಯಲ್ಲಿ ಹೆಂಗಸರ ಸರಳಿನ ತೂಕ ಇಷ್ಟೇ, 15 ಕಿಲೋ. ಗಂಡಸರದ್ದು 20." ಬರಿಯ ಸರಳು ಒಂದು ಕೊಡ ನೀರಿಗೆ ಸಮವೆಂದು ತಿಳಿದಾಗ ನಮಗೆ ಒಂದು ಬಗೆಯ ಸಂತೋಷವೇ ಆಯಿತೆನ್ನಬೇಕು.

ಆಕೆಯ ಕೈಯಲ್ಲಿ ನೂರು ಪುಟದ ಒಂದು ನೋಟ್‌ಬುಕ್ಕು. ದಿನಾಂಕ, ವ್ಯಾಯಾಮದ ಹೆಸರು, ಎಷ್ಟು ಕಿಲೋ, ಎಷ್ಟು ಬಾರಿ. ಅಷ್ಟೇ ಅದರಲ್ಲಿ ಇದ್ದದ್ದು. ಮೊದಲ ಪುಟದಲ್ಲಿ ಬರಿಯ ಸರಳು. ಎಂಟು ತಿಂಗಳ ನಂತರದ ಪುಟದಲ್ಲಿ ನೆಲದಿಂದ ಸೊಂಟದವರೆಗೆ ಎತ್ತಿದ ಭಾರ 60 ಕಿಲೋ. ಗೃಹಿಣಿಯರಿಗೆ ಅರ್ಥವಾಗುವಂತೆ ಹೇಳುವುದಾದರೆ, ತುಂಬಿದ ಅಡುಗೆ ಅನಿಲದ ಸಿಲಿಂಡರ್ ಸುಮಾರು 30 ಕಿಲೋ ತೂಗುತ್ತದೆ, ಅಂಥವು ಎರಡು. ಇದರಲ್ಲಿ ಸುಖವೇನೆಂದು ಕೇಳಿದೆವು. ಆಕೆ ಸ್ವಲ್ಪ ಹೊತ್ತು ಯೋಚಿಸಿ ಹೇಳಿದ್ದು ಹೀಗೆ: "ಮನೆಯಲ್ಲಿ ಎಷ್ಟು ಮಾಡಿದರೂ ಸಂಜೆಗೆ ಎಲ್ಲ ಅಳಿಸಿಹೋಗಿರುತ್ತದೆ ಚಿಕ್ಕತ್ತೆ. ತೊಳೆದ ಪಾತ್ರೆ ಮತ್ತೆ ಸಿಂಕಿನಲ್ಲಿ ಇರುತ್ತದೆ. ಇಲ್ಲಿ ಹಾಗಲ್ಲ. ಹೋದ ತಿಂಗಳು ಆಗದೆ ಇದ್ದದ್ದು ಈ ತಿಂಗಳು ಆಗುತ್ತದೆ. ಬರೆದೂ ಇರುತ್ತದೆ."

ಅಕ್ಕನವರ ಪ್ರಶ್ನೆಗೆ ಅರ್ಧ ಉತ್ತರ ನಮಗೆ ದೊರೆತದ್ದು ಇಲ್ಲಿಯೇ. ಉಳಿದರ್ಧವನ್ನು ಶರೀರಶಾಸ್ತ್ರ ಹೇಳುತ್ತದೆ. ಸ್ನಾಯುವಿನ ಸ್ವಭಾವವೆಂದರೆ, ತಾನು ಹೊರಬೇಕಾದ ಭಾರಕ್ಕೆ ಎಷ್ಟು ಬೇಕೋ ಅಷ್ಟು ಬಲವನ್ನು ಮಾತ್ರ ಅದು ಗಳಿಸಿಕೊಳ್ಳುತ್ತದೆ. ಹದಿನೈದು ಕಿಲೋದ ಕೊಡವನ್ನು ಹತ್ತು ವರ್ಷ ಹೊತ್ತರೂ ಬಲ ಹದಿನೈದು ಕಿಲೋದ ಕೊಡಕ್ಕೆ ತಕ್ಕಷ್ಟೇ ಇರುತ್ತದೆ. ದಣಿವು ಮಾತ್ರ ವರ್ಷದಿಂದ ವರ್ಷಕ್ಕೆ ಕೂಡುತ್ತ ಹೋಗುತ್ತದೆ. ಮನೆಗೆಲಸಕ್ಕೆ ವಿಶ್ರಾಂತಿಯ ದಿನವಿಲ್ಲ, ಒಂದೇ ಮಗ್ಗುಲಿಗೆ ಭಾರ, ಸದಾ ಬಾಗಿದ ಬೆನ್ನು, ಕೊನೆಯಲ್ಲಿ ಉಳಿದದ್ದನ್ನು ಉಣ್ಣುವ ಅಭ್ಯಾಸ ಬೇರೆ. ಕ್ರಮಬದ್ಧ ತಾಲೀಮಿನಲ್ಲಿ ಇದೆಲ್ಲವೂ ತಿರುವುಮುರುವು. ಭಾರ ಹಂತಹಂತವಾಗಿ ಏರುತ್ತದೆ, ನಡುವೆ ಬಿಡುವಿರುತ್ತದೆ, ಆ ಬಿಡುವಿನಲ್ಲಿಯೇ ಸ್ನಾಯು ಬೆಳೆಯುತ್ತದೆ. ಹೊಸಬರಿಗೆ ಇದರಲ್ಲಿ ಬೇಗನೆ ಆಸಕ್ತಿ ಹುಟ್ಟುವುದಕ್ಕೂ ಒಂದು ಕಾರಣವಿದೆ. ಮೊದಲ ಕೆಲವು ವಾರಗಳಲ್ಲಿ ಹೆಚ್ಚುವ ಬಲ ಬಹುಮಟ್ಟಿಗೆ ಸ್ನಾಯುವಿನದಲ್ಲ, ನರಗಳದು. ಸುಮ್ಮನೆ ಮಲಗಿದ್ದ ಸ್ನಾಯುತಂತುಗಳನ್ನು ಎಬ್ಬಿಸಿ ಒಟ್ಟಿಗೆ ದುಡಿಸುವುದನ್ನು ಮಿದುಳು ಕಲಿಯುತ್ತದೆ. ಆದ್ದರಿಂದ ತೋಳು ದಪ್ಪವಾಗುವುದಕ್ಕೆ ಬಹಳ ಮೊದಲೇ ಕೈಗೆ ಬಲ ಬಂದಿರುತ್ತದೆ. ತನ್ನಲ್ಲಿಯೇ ಇದ್ದು ತನಗೇ ತಿಳಿಯದಿದ್ದ ಶಕ್ತಿ ಅದು.

ಹೆಣ್ಣಿನ ಈ ಶಕ್ತಿಯನ್ನು ಲೋಕ ಎಣಿಕೆಗೆ ತೆಗೆದುಕೊಂಡದ್ದು ಬಹಳ ತಡವಾಗಿ. ಪುರುಷರ ಭಾರ ಎತ್ತುವ ಸ್ಪರ್ಧೆ 1896ರ ಮೊದಲ ಆಧುನಿಕ ಒಲಿಂಪಿಕ್ಸ್‌ನಲ್ಲಿಯೇ ಇತ್ತು. ಮಹಿಳೆಯರಿಗೆ ಆ ವೇದಿಕೆ ದೊರೆತದ್ದು 2000ದಲ್ಲಿ, ಸಿಡ್ನಿಯಲ್ಲಿ. ಮಹಿಳೆಯರ ಮೊದಲ ವಿಶ್ವ ಚಾಂಪಿಯನ್‌ಷಿಪ್ ಕೂಡ ನಡೆದದ್ದು 1987ರಲ್ಲಷ್ಟೇ, ಅಮೆರಿಕದ ಡೇಟೋನಾ ಬೀಚ್‌ನಲ್ಲಿ. ಎರಡು ವರ್ಷಗಳ ನಂತರ ಮ್ಯಾಂಚೆಸ್ಟರಿನಲ್ಲಿ ಮಣಿಪುರದ ಕುಂಜರಾಣಿ ದೇವಿಯವರು ಮೂರು ಬೆಳ್ಳಿ ಪದಕಗಳನ್ನು ಗೆದ್ದರು. ನಮ್ಮ ನೆರೆಯ ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಕರ್ಣಂ ಮಲ್ಲೇಶ್ವರಿಯವರು 1994 ಮತ್ತು 1995ರಲ್ಲಿ ವಿಶ್ವ ಚಾಂಪಿಯನ್ ಆದರು. ಸಿಡ್ನಿಯಲ್ಲಿ 69 ಕಿಲೋ ವಿಭಾಗದಲ್ಲಿ ಒಟ್ಟು 240 ಕಿಲೋ ಎತ್ತಿ ಕಂಚಿನ ಪದಕ ಪಡೆದರು. ಒಲಿಂಪಿಕ್ ಪದಕ ಗೆದ್ದ ಭಾರತದ ಪ್ರಥಮ ಮಹಿಳೆ ಇವರೇ. ಓಟದಲ್ಲಿ ಅಲ್ಲ, ಟೆನಿಸ್‌ನಲ್ಲಿ ಅಲ್ಲ, ಹೆಂಗಸರಿಗೆ ಸಲ್ಲದೆಂದು ಹಿರಿಯರು ನಂಬಿದ್ದ ಭಾರ ಎತ್ತುವಿಕೆಯಲ್ಲಿ ಆ ಮೊದಲ ಪದಕ ಬಂದದ್ದು ನಮಗೆ ಬಹು ಅರ್ಥಪೂರ್ಣವಾಗಿ ಕಾಣುತ್ತದೆ.

ಆದರೆ ನಮ್ಮ ಮನಸ್ಸಿನಲ್ಲಿ ಹೆಚ್ಚಾಗಿ ನೆಲೆಸಿರುವುದು ಮೀರಾಬಾಯಿ ಚಾನು ಅವರ ಕಥೆ. ಮಣಿಪುರದ ನೊಂಗ್‌ಪೊಕ್ ಕಾಕ್‌ಚಿಂಗ್ ಎಂಬ ಹಳ್ಳಿಯ ಹುಡುಗಿ. ಬೆಟ್ಟದಿಂದ ಸೌದೆ ತರುವಾಗ ಅಣ್ಣನಿಗೆ ಎತ್ತಲಾಗದ ಹೊರೆಯನ್ನು ಹನ್ನೆರಡು ವರ್ಷದ ಈಕೆ ತಲೆಯ ಮೇಲಿಟ್ಟುಕೊಂಡು ಮನೆಗೆ ತಂದಳಂತೆ. ಇಂಥ ಹುಡುಗಿಯರು ನಮ್ಮ ಯಾವ ಹಳ್ಳಿಯಲ್ಲಿ ಇಲ್ಲ? ಈಕೆಯ ಪುಣ್ಯವೆಂದರೆ, ಎಂಟನೆಯ ತರಗತಿಯ ಪಠ್ಯಪುಸ್ತಕದಲ್ಲಿ ಕುಂಜರಾಣಿಯವರ ಬಗ್ಗೆ ಓದಿದ್ದು. ಹೊರೆ ಹೊರುವ ಬಲಕ್ಕೆ ಬೇರೊಂದು ಹೆಸರಿದೆ, ಬೇರೊಂದು ಅಂಗಳವಿದೆ ಎಂಬುದು ಆಕೆಗೆ ತಿಳಿಯಿತು. ಇಂಫಾಲದ ತರಬೇತಿ ಕೇಂದ್ರ ಮನೆಯಿಂದ ಇಪ್ಪತ್ತು ಕಿಲೋಮೀಟರಿಗೂ ದೂರ. ಮರಳಿನ ಲಾರಿಗಳ ಚಾಲಕರು ಹಣ ಪಡೆಯದೆ ಹತ್ತಿಸಿಕೊಂಡು ಹೋಗುತ್ತಿದ್ದರು.

2016ರಲ್ಲಿ ರಿಯೋ ಒಲಿಂಪಿಕ್ಸ್‌ನಲ್ಲಿ ಆಕೆಗೆ ಒದಗಿದ ಗತಿ ಅನೇಕರಿಗೆ ನೆನಪಿರಬಹುದು. ಭಾರವನ್ನು ಮೊದಲು ಭುಜಕ್ಕೆ ತಂದು ಅನಂತರ ತಲೆಯ ಮೇಲೆತ್ತುವ ಕ್ಲೀನ್ ಅಂಡ್ ಜರ್ಕ್ ವಿಭಾಗದಲ್ಲಿ ಮೂರು ಅವಕಾಶಗಳು. ಮೂರೂ ವಿಫಲವಾದವು. ಫಲಿತಾಂಶದ ಪಟ್ಟಿಯಲ್ಲಿ ಆಕೆಯ ಹೆಸರಿನ ಮುಂದೆ ಒಟ್ಟು ತೂಕವೇ ಇರಲಿಲ್ಲ. ಮರುವರ್ಷ, 2017ರಲ್ಲಿ, ಆಕೆ ಅದೇ 48 ಕಿಲೋ ವಿಭಾಗದಲ್ಲಿ ಒಟ್ಟು 194 ಕಿಲೋ ಎತ್ತಿ ವಿಶ್ವ ಚಾಂಪಿಯನ್ ಆದರು. 2021ರ ಜುಲೈ 24ರಂದು ಟೋಕಿಯೋದಲ್ಲಿ 87 ಮತ್ತು 115, ಒಟ್ಟು 202 ಕಿಲೋ ಎತ್ತಿ ಬೆಳ್ಳಿ ಪದಕ ಗಳಿಸಿದರು. ಊರಿಗೆ ಬಂದವರು ಆ ಲಾರಿ ಚಾಲಕರನ್ನು ಹುಡುಕಿಸಿ, ಮನೆಗೆ ಕರೆಸಿ, ಊಟವಿಕ್ಕಿ ಸತ್ಕರಿಸಿದರು. 2024ರಲ್ಲಿ ಪ್ಯಾರಿಸ್‌ನಲ್ಲಿ ಒಟ್ಟು 199 ಕಿಲೋ ಎತ್ತಿದರೂ ನಾಲ್ಕನೆಯ ಸ್ಥಾನ. ಕಂಚು ಒಂದೇ ಕಿಲೋದ ಅಂತರದಲ್ಲಿ ತಪ್ಪಿತು. ಆಕೆಯ ದೇಹತೂಕ 49 ಕಿಲೋದೊಳಗೆ ಎಂಬುದನ್ನು ಓದುಗರು ಗಮನಿಸಬೇಕು. ತಲೆಯ ಮೇಲೆ ನಾಲ್ಕು ಸಿಲಿಂಡರುಗಳಿಗೆ ಸಮೀಪದ ತೂಕ!

ಇಷ್ಟಾದರೂ ನಮ್ಮ ಮನೆಗಳಲ್ಲಿ ಅಳುಕು ಹೋಗಿಲ್ಲ. ನಮ್ಮ ಪರಿಚಯದ ಮನೆಯೊಂದರಲ್ಲಿ ವರನ ಕಡೆಯವರು ನೋಡಲು ಬರುವ ದಿನ ಮಗಳು ಗೆದ್ದ ಪದಕಗಳನ್ನು ಗೋಡೆಯಿಂದ ತೆಗೆದು ಅಲಮಾರಿನಲ್ಲಿ ಇಟ್ಟರು. ಹುಡುಗಿ ಏನೂ ಹೇಳಲಿಲ್ಲ. ಹಾಡು ಬರುತ್ತದೆಯೇ, ರೊಟ್ಟಿ ತಟ್ಟುತ್ತಾಳೆಯೇ ಎಂದು ಕೇಳಿದರು. ಬರುತ್ತದೆ, ತಟ್ಟುತ್ತಾಳೆ ಎಂದು ತಾಯಿ ಉತ್ತರಿಸಿದರು. ಸಂಬಂಧ ಕೂಡಿಬರಲಿಲ್ಲ, ಕಾರಣ ಬೇರೆ ಏನೋ. ಪದಕಗಳು ಮಾತ್ರ ಇನ್ನೂ ಅಲಮಾರಿನಲ್ಲಿಯೇ ಇವೆ. ತಂದೆತಾಯಿಗಳ ಕಷ್ಟ ನಮಗೆ ಅರ್ಥವಾಗದೆ ಇಲ್ಲ. ಆದರೂ ಆ ಖಾಲಿ ಗೋಡೆಯನ್ನು ಕಂಡಾಗ ಮನಸ್ಸಿಗೆ ಸಮಾಧಾನವಾಗುವುದಿಲ್ಲ.

ಭಾರ ಎತ್ತಿದರೆ ಹೆಣ್ಣು ಗಂಡಿನಂತಾಗುತ್ತಾಳೆ ಎಂಬ ಭಯಕ್ಕೆ ಆಧಾರವಿಲ್ಲ. ಸ್ನಾಯುಗಳನ್ನು ದಪ್ಪವಾಗಿ ಬೆಳೆಸುವ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು ಹೆಂಗಸರ ದೇಹದಲ್ಲಿ ಗಂಡಸರಲ್ಲಿರುವುದರ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ವಾರಕ್ಕೆ ಎರಡು ಮೂರು ದಿನ ವ್ಯಾಯಾಮ ಮಾಡುವ ಗೃಹಿಣಿಗೆ ಬೆನ್ನು ನೇರವಾದೀತು, ನಿದ್ರೆ ಚೆನ್ನಾಗಿ ಬಂದೀತು. ಪೈಲ್ವಾನರ ಮೈಕಟ್ಟು ಬರುವುದಿಲ್ಲ. ಇನ್ನು ಮಾಂಸಾಹಾರವಿಲ್ಲದೆ ಬಲ ಹೇಗೆ ಬಂದೀತು ಎಂಬ ಪ್ರಶ್ನೆಯನ್ನು ನಮ್ಮಂಥ ಸಸ್ಯಾಹಾರಿ ಮನೆತನಗಳಲ್ಲಿ ಕೇಳುವುದು ನ್ಯಾಯವೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕು. ಭಾರ ಎತ್ತುವವರಿಗೆ ಇನ್ನಷ್ಟು ಬೇಕಾಗುತ್ತದೆ. ಹೆಸರುಕಾಳು, ಶೇಂಗಾ, ತೊಗರಿಬೇಳೆ ಇವುಗಳ ಪ್ರತಿ ನೂರು ಗ್ರಾಂನಲ್ಲಿ ಇಪ್ಪತ್ತು ಗ್ರಾಂಗೂ ಮಿಕ್ಕಿ ಪ್ರೋಟೀನಿದೆ. ರೊಟ್ಟಿ, ಕಾಳುಪಲ್ಯ, ಝುಣಕ, ಶೇಂಗಾ ಚಟ್ನಿ, ಗಟ್ಟಿ ಮೊಸರು: ನಮ್ಮ ತಟ್ಟೆ ಬಡವಾದುದಲ್ಲ. ಪಲ್ಯದ ಬೋಗುಣಿ ಗಂಡಸರ ಪಂಕ್ತಿಯಲ್ಲಿಯೇ ಬರಿದಾಗಿ, ಮನೆಯೊಡತಿಗೆ ರೊಟ್ಟಿ ಮತ್ತು ಸಾರು ಮಾತ್ರ ಉಳಿಯುವುದೇ ದೋಷ. ಸೊಸೆ ವ್ಯಾಯಾಮಕ್ಕೆ ತೊಡಗಿದ ಮೇಲೆ ಅಕ್ಕನವರ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುತ್ತಾರೆಂಬುದನ್ನು ನಾವು ಕಣ್ಣಾರೆ ಕಂಡೆವು. ಭಾರ ಎತ್ತುವುದರ ಈ ಪ್ರಯೋಜನವನ್ನು ಯಾವ ವೈದ್ಯರೂ ಬರೆದಿರಲಿಕ್ಕಿಲ್ಲ.

ಈಗ ಅಕ್ಕನವರ ವಿಷಯಕ್ಕೆ ಬರೋಣ. ಅವರಿಗೆ ಅರವತ್ತಮೂರು ವರ್ಷ. ಮೂರು ವರ್ಷಗಳ ಹಿಂದೆ ಬಚ್ಚಲಲ್ಲಿ ಜಾರಿ, ಕೈ ಊರಿದ್ದಷ್ಟಕ್ಕೇ ಮಣಿಕಟ್ಟು ಮುರಿದಿತ್ತು. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕುಗ್ಗಿ ಮೂಳೆಗಳು ಬೇಗ ಸವೆಯುತ್ತವೆ. ನಮ್ಮ ಎಷ್ಟೋ ಹಿರಿಯ ತಾಯಂದಿರು ಸಣ್ಣ ಪೆಟ್ಟಿಗೇ ಹಾಸಿಗೆ ಹಿಡಿಯುವುದು ಇದರಿಂದಲೇ. ಮೂಳೆಯೂ ಸ್ನಾಯುವಿನಂತೆ ಭಾರ ಬಿದ್ದರೆ ಗಟ್ಟಿಯಾಗುವ ಗುಣವುಳ್ಳದ್ದು. ಆಸ್ಟ್ರೇಲಿಯಾದಲ್ಲಿ ಮೂಳೆ ಸವೆದಿದ್ದ ನೂರಕ್ಕೆ ಸಮೀಪದ ಹಿರಿಯ ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರಿಗೆ ವಾರಕ್ಕೆ ಎರಡು ದಿನ, ಅರ್ಧ ಗಂಟೆಯಂತೆ, ಎಂಟು ತಿಂಗಳು ನುರಿತವರ ಮೇಲ್ವಿಚಾರಣೆಯಲ್ಲಿ ಸಾಕಷ್ಟು ಭಾರವನ್ನೇ ಎತ್ತಿಸಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅವರ ಸೊಂಟದ ಬೆನ್ನೆಲುಬಿನ ಸಾಂದ್ರತೆ ಶೇಕಡ 2.9ರಷ್ಟು ಹೆಚ್ಚಿತ್ತು. ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದ ಇನ್ನೊಂದು ಗುಂಪಿನವರಲ್ಲಿ ಶೇಕಡ 1.2ರಷ್ಟು ಇಳಿದಿತ್ತು. ವಿಶ್ವ ಆರೋಗ್ಯ ಸಂಸ್ಥೆಯೂ 2020ರ ತನ್ನ ಸೂಚನೆಗಳಲ್ಲಿ ವಯಸ್ಕರೆಲ್ಲರೂ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮ ಮಾಡಬೇಕೆಂದಿದೆ. ರಕ್ತದೊತ್ತಡ, ಹೃದಯದ ತೊಂದರೆ, ಗರ್ಭಕೋಶ ಜಾರಿರುವುದು ಇವು ಇದ್ದವರು ಮತ್ತು ಹೊಸ ಬಾಣಂತಿಯರು ವೈದ್ಯರನ್ನು ಕೇಳದೆ ಮುಂದುವರಿಯಬಾರದು. ಉಸಿರು ಬಿಗಿಹಿಡಿದು ಎತ್ತುವುದಂತೂ ರಕ್ತದೊತ್ತಡವುಳ್ಳವರಿಗೆ ಸಲ್ಲದು.

ಸೊಸೆ ಅತ್ತೆಯವರಿಗೆ ಮೊದಲು ಮಾಡಿಸಿದ್ದು ಇಷ್ಟೇ: ವೈದ್ಯರನ್ನು ಕೇಳಿಕೊಂಡು, ಕುರ್ಚಿಯ ಮೇಲೆ ಕುಳಿತು ಕೈ ಊರದೆ ಏಳುವುದು, ಹತ್ತು ಬಾರಿ. ಅನಂತರ ಎರಡೂ ಕೈಗಳಲ್ಲಿ ಒಂದೊಂದು ಲೀಟರಿನ ನೀರಿನ ಸೀಸೆ. "ನಿನಗೆ ಬುದ್ಧಿ ಹೇಳು ಅಂದ್ರೆ ನೀನೂ ಅವಳ ಕಡೆಗೇ ಸೇರಿದೆ" ಎಂದು ನಮ್ಮನ್ನು ಬೈದ ಅಕ್ಕನವರು, ತಾವೇ ನಾಲ್ಕು ತಿಂಗಳಿನಿಂದ ಬಾಗಿಲು ಹಾಕಿಕೊಂಡು ಇದನ್ನು ಮಾಡುತ್ತಿದ್ದ ಸಂಗತಿಯನ್ನು ಮುಚ್ಚಿಟ್ಟಿದ್ದರು! ಪೂಜೆ ಮುಗಿಸಿ ನೆಲದಿಂದ ಏಳುವಾಗ ಗೋಡೆ ಹಿಡಿಯುತ್ತಿದ್ದವರು ಈಗ ಹಿಡಿಯುವುದಿಲ್ಲ.

ಹೊರಡುವ ದಿನ ನಮಗಾಗಿ ಜೋಳದ ಚೀಲವೊಂದನ್ನು ಕಟ್ಟಿಟ್ಟಿದ್ದರು. ಮಗನನ್ನು ಕರೆಯಿರಿ ಎಂದು ನಾವು ಹೇಳುವಷ್ಟರಲ್ಲಿ ಅಕ್ಕನವರು ಮೊಣಕಾಲು ಬಗ್ಗಿಸಿ, ಬೆನ್ನು ನೇರ ಇಟ್ಟು, ಚೀಲವನ್ನು ಎತ್ತಿ ಆಟೋದ ಹಿಂಬದಿಗೆ ಇಟ್ಟರು. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಸೊಸೆಯ ಕಡೆ ತಿರುಗಿ ಮೆಲ್ಲಗೆ ಕೇಳಿದರು:

"ಎಷ್ಟು ಕಿಲೋ ಇದ್ದೀತೇ ಅದು?"

"ಹತ್ತು ಇರಬಹುದು ಅತ್ತೆ."

"ತೂಗಿ ನೋಡಬೇಕಿತ್ತು" ಎಂದರು ಅಕ್ಕನವರು.