650 ಮೀಟರಿನ ಗೆಳೆತನ

ಒಂದು ಚಮಚ ನೀರು ಚೆಲ್ಲಿದರೆ ಮನೆಯಲ್ಲಿ ಯಾರೂ ಲೆಕ್ಕ ಇಡುವುದಿಲ್ಲ. ದಿಲ್ಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನ ನೀರಿನ ಲೆಕ್ಕವೇ ಬೇರೆ. ಅವನು ದೌಲತಾಬಾದಿನಲ್ಲಿದ್ದಾಗ ಕುಡಿಯುತ್ತಿದ್ದದ್ದು ಗಂಗೆಯ ನೀರು. ಅದನ್ನು ಅಂಚೆಯ ಓಟಗಾರರು ಕೈಯಿಂದ ಕೈಗೆ ದಾಟಿಸಿ ತರುತ್ತಿದ್ದರು. ನಲವತ್ತು ದಿನದ ಹಾದಿ ಎಂದು ಪ್ರವಾಸಿ ಇಬ್ನ್ ಬತೂತ ಬರೆದಿಟ್ಟಿದ್ದಾನೆ. ನಕ್ಷೆಯ ಮೇಲೆ ನೇರ ಗೆರೆ ಎಳೆದರೂ ಸುಮಾರು 900 ಕಿ.ಮೀ. ಮೈಲಿಗೆ ಮೂರು ಠಾಣೆ ಎನ್ನುತ್ತಾನೆ ಅವನು. ಆ ಕಾಲದ ಮೈಲಿ ನಮ್ಮ ಅಳತೆಗೆ ಸರಿಯಾಗಿ ಕೂಡುವುದಿಲ್ಲ. ಲೆಕ್ಕ ಸುಲಭವಾಗಲೆಂದು ಠಾಣೆಯಿಂದ ಠಾಣೆಗೆ 650 ಮೀಟರ್ ಎಂದಿಟ್ಟುಕೊಳ್ಳೋಣ. ಹಾಗಾದರೆ ನೀರು ಸುಮಾರು 1,400 ಸಲ ಕೈ ಬದಲಿಸಬೇಕು. ಪ್ರತಿ ಕೈಯಲ್ಲೂ ಒಂದೇ ಒಂದು ಚಮಚ, ಅಂದರೆ 5 ಮಿಲಿ ಲೀಟರ್ ಚೆಲ್ಲಿತೆನ್ನಿ: ದೌಲತಾಬಾದ್ ಮುಟ್ಟುವ ಹೊತ್ತಿಗೆ 7 ಲೀಟರ್ ಹೋಯಿತು. ಸಣ್ಣ ಬಿಂದಿಗೆಯಾಗಿದ್ದರೆ ಸುಲ್ತಾನನಿಗೆ ಸಿಗುತ್ತಿದ್ದದ್ದು ಬರೀ ಬಿಂದಿಗೆ.

ನೀರಿನಂತೆ ಓಲೆಯನ್ನೂ ಸಾಗಿಸುತ್ತಿದ್ದ ಈ ಓಟ ನಡೆಯುತ್ತಿದ್ದ ಬಗೆಯನ್ನು ಬತೂತ ಹತ್ತಿರದಿಂದ ನೋಡಿದಂತೆ ವಿವರಿಸುತ್ತಾನೆ. ಊರ ಹೊರಗೆ ಮೂರು ಡೇರೆ. ಒಳಗೆ ನಡು ಬಿಗಿದು ಕೂತ ಆಳುಗಳು. ಓಡುವವನ ಒಂದು ಕೈಯಲ್ಲಿ ಓಲೆ, ಇನ್ನೊಂದು ಕೈಯಲ್ಲಿ ಎರಡು ಮೊಳದ ಕೋಲು, ಕೋಲಿನ ತುದಿಗೆ ತಾಮ್ರದ ಗೆಜ್ಜೆ. ಗೆಜ್ಜೆಯ ಸದ್ದು ಕಿವಿಗೆ ಬಿದ್ದರೆ ಡೇರೆಯವನು ಎದ್ದು ನಿಲ್ಲಬೇಕು. ಓಲೆ ಕೈಗೆ ಬಂದ ಕ್ಷಣ ಓಡಬೇಕು. ಈ ಕಾಲಾಳು ಅಂಚೆ ಕುದುರೆ ಅಂಚೆಗಿಂತ ಬೇಗ ತಲುಪುತ್ತಿತ್ತಂತೆ. ಸಿಂಧ್‌ನಿಂದ ದಿಲ್ಲಿಗೆ ಪ್ರಯಾಣಿಕರಿಗೆ 50 ದಿನ, ಓಲೆಗೆ 5 ದಿನ.

ಅಷ್ಟು ವೇಗವಾಗಿ ಓಡುತ್ತಿದ್ದರೇ ಎಂದು ಲೆಕ್ಕ ಹಾಕಿ ನೋಡಿದರೆ ನಿಜವಾದ ಸೋಜಿಗ ಕಾಣುತ್ತದೆ. ಸಿಂಧ್ ಕಡೆಯ ಮುಲ್ತಾನ್‌ನಿಂದ ದಿಲ್ಲಿಗೆ ನೇರ ಗೆರೆಯಲ್ಲಿ 580 ಕಿ.ಮೀ. ಹತ್ತಿರ. ಐದು ದಿನಕ್ಕೆ ಹಂಚಿದರೆ ದಿನಕ್ಕೆ 116, ಗಂಟೆಗೆ ಐದಕ್ಕೂ ತುಸು ಕಡಿಮೆ. ಹಾದಿಯ ಸುತ್ತು ಬಳಸು ಸೇರಿಸಿದರೂ ಸಂತೆಗೆ ಬಿರಬಿರನೆ ಹೊರಟವರ ನಡಿಗೆಯನ್ನು ಬಹಳ ಮೀರುವುದಿಲ್ಲ. ಓಲೆ ನಿದ್ದೆ ಮಾಡುತ್ತಿರಲಿಲ್ಲ, ಊಟಕ್ಕೆ ಕೂರುತ್ತಿರಲಿಲ್ಲ, ಅಷ್ಟೇ. 2022ರಲ್ಲಿ ಇಟಲಿಯ ವೆರೋನಾದಲ್ಲಿ ಅಲೆಕ್ಸಾಂಡರ್ ಸೊರೋಕಿನ್ 24 ಗಂಟೆಯಲ್ಲಿ 319.614 ಕಿ.ಮೀ. ಓಡಿ ದಾಖಲೆ ಬರೆದ. ಮನುಷ್ಯನೊಬ್ಬನ ಮಟ್ಟಿಗೆ ಅದು ಅಸಾಧ್ಯವೆನ್ನಿಸುವ ಸಾಧನೆ. ಆದರೆ ಮರುದಿನವೂ ಅಷ್ಟೇ ಓಡು ಎಂದರೆ ಆಗುವ ಮಾತಲ್ಲ. ಸರಪಳಿಯಲ್ಲಿ ಅದು ಆಗುತ್ತದೆ.

ಇನ್ನು ನಮ್ಮ ಕಕ್ಕೇರಾದ ಕಡೆಗೆ ಬನ್ನಿ. ನೆರೆಯ ಶಹಾಪುರ ತಾಲ್ಲೂಕಿನ ಸಗರ ಆಗ ಸಣ್ಣ ಊರಲ್ಲ. ಸುಲ್ತಾನನ ಸಂಬಂಧಿ ಬಹಾವುದ್ದೀನ್ ಗುರ್ಷಾಸ್ಪ್ ಅಲ್ಲಿಂದ ಆಳುತ್ತಿದ್ದ. 1326–27ರ ಸುಮಾರಿಗೆ ಬಂಡೆದ್ದು, ಸೋತು, ಕಂಪಿಲಿಗೆ ಓಡಿದ. ಅಲ್ಲಿಂದ ಹೊಯ್ಸಳ ಮೂರನೇ ಬಲ್ಲಾಳನಲ್ಲಿಗೆ. ಬಲ್ಲಾಳ ಹಿಡಿದುಕೊಟ್ಟ.  ಆ ಬಂಡಾಯದ ಸುದ್ದಿ ಓಲೆಯಲ್ಲಿ ಹೋಗಬೇಕೆಂದರೆ ಸಗರದಿಂದ ದಿಲ್ಲಿಗೆ ನೇರ 1,300 ಕಿ.ಮೀ. ಮೇಲೆ. ಅದೇ ಅಳತೆಯಲ್ಲಿ ಠಾಣೆ ಹಾಕಿದರೆ ಒಂದು ಸುದ್ದಿಗೆ ಎರಡು ಸಾವಿರ ಕೈ. ಪ್ರತಿ ಕೈಬದಲಿನಲ್ಲಿ 10 ಸೆಕೆಂಡ್ ವ್ಯರ್ಥವಾದರೆ ಐದೂವರೆ ಗಂಟೆ ನಷ್ಟ.

ನನಗೆ ಹಿಡಿಸಿದ ಅಂಕಿ ಮಾತ್ರ ಈ ಎರಡು ಸಾವಿರವಲ್ಲ, ಬರೀ ಎರಡು. ಅಷ್ಟು ಉದ್ದದ ಸಾಲಿನಲ್ಲಿ ಒಬ್ಬೊಬ್ಬನಿಗೂ ಚೆನ್ನಾಗಿ ಗೊತ್ತಿರಬೇಕಾದವರು ಇಬ್ಬರೇ: ತನಗೆ ಕೊಡುವವನು, ತಾನು ಕೊಡಬೇಕಾದವನು. ಅವನ ಗೆಜ್ಜೆ ಎಷ್ಟು ದೂರದಿಂದ ಕೇಳುತ್ತದೆ, ಇವನು ನಡುರಾತ್ರಿ ಎಚ್ಚರವಿರುತ್ತಾನೋ ಇಲ್ಲವೋ. ಸುಲ್ತಾನನ ಸಾಮ್ರಾಜ್ಯ ನಿಂತದ್ದು ಇಂಥ ಅಕ್ಕಪಕ್ಕದ ಪರಿಚಯದ ಮೇಲೆ.

ಇದೇ ಲೆಕ್ಕದ ಕೆಟ್ಟ ಮುಖವೂ ಇದೆ. 1841ರಿಂದ 1853ರವರೆಗೆ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ ಸುರಪುರದ ಆಡಳಿತ ನೋಡಿಕೊಂಡ ಕಾಲಕ್ಕೆ ಸಾಹೇಬರ ಪಯಣವೆಂದರೆ ಡಾಕ್ ಪಲ್ಲಕ್ಕಿ. ಹೊರಲು ಎಂಟು ಜನ, ಪಂಜಿಗೆ ಇಬ್ಬರು, ಕಾವಡಿಗೆ ಇಬ್ಬರು. ಸುಮಾರು ಹತ್ತು ಮೈಲಿಗೊಮ್ಮೆ ಹನ್ನೆರಡೂ ಜನ ಬದಲಾಗುವುದು ವಾಡಿಕೆ. ಸುರಪುರದಿಂದ ಹೈದರಾಬಾದಿಗೆ ನೇರ ದೂರವೇ 200 ಕಿ.ಮೀ. ಮೀರುತ್ತದೆ. ಒಬ್ಬನನ್ನು ಮಲಗಿಸಿಕೊಂಡು ಹೋಗಲು 150 ಜನ!

ಹೆಚ್ಚುಕಡಿಮೆ ಇಷ್ಟೇ ದೂರವನ್ನು ಜಪಾನಿನಲ್ಲಿ ಹತ್ತು ವಿದ್ಯಾರ್ಥಿಗಳು ಓಡುತ್ತಾರೆ. 1920ರಲ್ಲಿ ಶುರುವಾದ ಹಕೋನೆ ಎಕಿಡೆನ್ ಎಂಬ ರಿಲೇ ಓಟ ಪ್ರತಿವರ್ಷ ಜನವರಿ 2 ಮತ್ತು 3ರಂದು ನಡೆಯುತ್ತದೆ: ಟೋಕಿಯೊದಿಂದ ಬೆಟ್ಟದೂರು ಹಕೋನೆಗೆ ಹೋಗಿ ಬರುವ 217.1 ಕಿ.ಮೀ. ದಾರಿ. 2024ರಲ್ಲಿ ಅಯೋಯಾಮಾ ಗಕುಯಿನ್ ವಿಶ್ವವಿದ್ಯಾಲಯದ ತಂಡ 10 ಗಂಟೆ 41 ನಿಮಿಷ 25 ಸೆಕೆಂಡಿನಲ್ಲಿ ಮುಗಿಸಿತು, ಗಂಟೆಗೆ 20 ಕಿ.ಮೀ. ಮೇಲೆ. ಕೋಲಿನ ಬದಲು ಹೆಗಲಿಂದ ಸೊಂಟಕ್ಕೆ ಇಳಿಬೀಳುವ ಪಟ್ಟಿ. ಎಲ್ಲರಿಗಿಂತ ಮುಂದಿರುವ ತಂಡದಿಂದ ನಿಗದಿತ ಸಮಯಕ್ಕೂ ಹೆಚ್ಚು ಹಿಂದೆ ಬಿದ್ದರೆ, ಪಟ್ಟಿಗಾಗಿ ಗೆಳೆಯ ಕಾಯುವಂತಿಲ್ಲ. ಬೇರೊಂದು ಪಟ್ಟಿ ತೊಟ್ಟು ಹೊರಡಲೇಬೇಕು. ಓಡಿ ಬಂದವನು ತಂಡದ ಪಟ್ಟಿಯನ್ನು ಕೈಯಲ್ಲಿ ಹಿಡಿದು ಖಾಲಿ ಗೆರೆಯ ಮುಂದೆ ನಿಂತುಬಿಡುತ್ತಾನೆ. ಸೋಲಿಗಿಂತ ಅದೇ ಅವರನ್ನು ಹೆಚ್ಚು ಅಳಿಸುತ್ತದೆ.

ನಮ್ಮ ಶಾಲಾ ಕ್ರೀಡಾಕೂಟಗಳ ರಿಲೇ ನಾಲ್ಕು ಮಕ್ಕಳಿಗೆ ಮುಗಿಯುತ್ತದೆ, ಉಳಿದವರು ಚಪ್ಪಾಳೆಗೆ. ಕಕ್ಕೇರಾದ ಸುತ್ತ ದೊಡ್ಡಿ ಎನ್ನುವ ಸಣ್ಣ ವಸತಿಗಳಿಗೆ ಬರವಿಲ್ಲ, ಅಲ್ಲಿಂದ ದಿನಾ ಶಾಲೆಗೆ ನಡೆದು ಬರುವ ಮಕ್ಕಳಿಗೂ. ನೂರು ಮಕ್ಕಳು ತಲಾ 650 ಮೀಟರ್ ಓಡಿದರೆ 65 ಕಿ.ಮೀ. ಆಗುತ್ತದೆ, ಕಕ್ಕೇರಾದಿಂದ ಸುರಪುರ ಮುಟ್ಟಿದ ಮೇಲೂ ಸಾಲು ಉಳಿಯುತ್ತದೆ. ದೈಹಿಕ ಶಿಕ್ಷಕರೇ, ಬಿಸಿಲೇರುವ ಮುಂಚೆ, ಒಂದು ಚಳಿಗಾಲದ ಬೆಳಗ್ಗೆ, ಗೆಜ್ಜೆ ಕಟ್ಟಿದ ಒಂದು ಕೋಲು ಕೊಟ್ಟು ಇದನ್ನು ಮಾಡಿಸಿ ನೋಡಿ.