ಹೊಲ ಬರೆದುಕೊಡುವ ಮುನ್ನ ಹಿರಿಯರು ತಿಳಿಯಬೇಕಾದ ಮಾತು



ಬೀಜ, ಗೊಬ್ಬರ, ರೋಗ, ಕೀಟ ಇವುಗಳ ವಿಷಯ ನಾವು ಎಷ್ಟೋ ಸಲ ಮಾತಾಡಿದ್ದೇವೆ. ಇವತ್ತಿನದು ಪೈರಿನ ಮಾತಲ್ಲ. ಆ ಪೈರು ಬೆಳೆವ ಹೊಲವನ್ನು ನಲವತ್ತು ಐವತ್ತು ವರ್ಷ ಉತ್ತು ಬಿತ್ತಿ ಉಳಿಸಿಕೊಂಡು ಬಂದ ಹಿರಿಯರ ಮಾತು. ಅಪ್ಪ, ಮಗ, ಸೊಸೆ, ಮನೆಯವರೆಲ್ಲ ಒಟ್ಟಿಗೆ ಕೂತು ಕೇಳಬೇಕಾದ್ದು.

ಒಂದು ಮುಂಗಾರಿನಲ್ಲಿ ನಾನು ರೈತ ಸಂಪರ್ಕ ಕೇಂದ್ರದಲ್ಲಿ ರಿಯಾಯಿತಿ ದರದ ರಾಗಿ ಬೀಜ ಕೊಡುತ್ತಿದ್ದೆ. ಎಪ್ಪತ್ತು ದಾಟಿದ ಯಜಮಾನರೊಬ್ಬರು ಸಾಲಿನಲ್ಲಿ ನಿಂತು ತಮ್ಮ ಸರದಿ ಬಂದಾಗ ಆಧಾರ್ ಚೀಟಿ ಕೊಟ್ಟರು. ಕಂಪ್ಯೂಟರಿನಲ್ಲಿ ನೋಡಿದರೆ ಅವರ ಹೆಸರಿಗೆ ಒಂದು ಗುಂಟೆ ಜಮೀನೂ ಇಲ್ಲ. "ಯಜಮಾನ್ರೇ, ನಿಮ್ಮ ಹೆಸರಿನಾಗೆ ಪಹಣಿ ಇಲ್ವಲ್ಲ" ಎಂದೆ. "ಮಗನ ಹೆಸರಿಗೆ ಮಾಡಿಕೊಟ್ಟೆ ಕಣಪ್ಪಾ. ಹೊಲ ಅದೇ, ಉಳೋನೂ ನಾನೇ. ಬೀಜ ಕೊಡಾಕೆ ಏನಡ್ಡಿ?" ಎಂದರು. ಲೆಕ್ಕದ ಪ್ರಕಾರ ಕೊಡಲು ಬರುವಂತಿರಲಿಲ್ಲ. ಅವರು ಬರಿಗೈಯಲ್ಲಿ ಹೊರಟರು.

ಮುಂದೊಂದು ದಿನ ಅವರ ಊರಿಗೆ ಹೋದಾಗ ಜಗಲಿಯ ಮೇಲೆ ಕೂರಿಸಿಕೊಂಡು ಮನಸ್ಸು ಬಿಚ್ಚಿದರು. "ಊಟ ಹಾಕ್ತಾರಪ್ಪಾ, ಸುಳ್ಳು ಹೇಳಬಾರದು. ಆದ್ರೆ ಬಿ.ಪಿ. ಮಾತ್ರೆ ತಗೋಳಾಕೂ ಕೈ ಒಡ್ಡಬೇಕು. ಹೊಲಕ್ಕೆ ಏನು ಬಿತ್ತಾನ ಅಂತ ನನ್ನ ಕೇಳೋರೇ ಇಲ್ಲ" ಎಂದರು. ಬರೆದುಕೊಟ್ಟ ದಾನಪತ್ರವನ್ನು ತಂದು ತೋರಿಸಿದರು. ಅದರಲ್ಲಿ ಸರ್ವೆ ನಂಬರು ಇತ್ತು, ಚಕ್ಕುಬಂದಿ ಇತ್ತು, ಪ್ರೀತಿ ವಿಶ್ವಾಸದಿಂದ ಕೊಟ್ಟಿದ್ದೇನೆ ಎಂದೂ ಇತ್ತು. ಮಗನು ತಂದೆತಾಯಿಯನ್ನು ನೋಡಿಕೊಳ್ಳತಕ್ಕದ್ದು ಎಂಬ ಒಂದು ಸಾಲು ಮಾತ್ರ ಇರಲಿಲ್ಲ.

ಆ ಒಂದು ಸಾಲಿನ ಬೆಲೆ ಎಷ್ಟು ಎಂಬುದೇ ಇವತ್ತಿನ ವಿಷಯ.

ಮೊದಲು ದಾನಪತ್ರಕ್ಕೂ ಉಯಿಲಿಗೂ ಇರುವ ವ್ಯತ್ಯಾಸ ತಿಳಿಯೋಣ. ಜಮೀನಿನ ದಾನಪತ್ರವನ್ನು ಇಬ್ಬರು ಸಾಕ್ಷಿಗಳ ರುಜು ಹಾಕಿಸಿ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಬೇಕು. ನೋಂದಣಿಯಾಗಿ ಮಗ ಒಪ್ಪಿಕೊಂಡನೆಂದರೆ ಜಮೀನು ಅವನದಾಯಿತು. ನಾಳೆ ಮನಸ್ಸು ಬದಲಾಯಿತೆಂದು ವಾಪಸು ಕೇಳಲು ಬಾರದು. ಉಯಿಲು ಹಾಗಲ್ಲ. ಬರೆದವರು ಕಾಲವಾದ ಮೇಲಷ್ಟೇ ಅದು ಜಾರಿಗೆ ಬರುತ್ತದೆ. ಬದುಕಿರುವ ತನಕ ಹೊಲ ನಿಮ್ಮದೇ, ಪಹಣಿ ನಿಮ್ಮದೇ. ಉಯಿಲನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಅದಕ್ಕೂ ಇಬ್ಬರು ಸಾಕ್ಷಿಗಳು ಬೇಕು. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸುವುದು ಒಳ್ಳೆಯದು. ಬೀಜದ ರಿಯಾಯಿತಿ, ಬೆಳೆ ಸಾಲ ಇಂಥವು ಬಹುಮಟ್ಟಿಗೆ ಪಹಣಿಯಲ್ಲಿರುವ ಹೆಸರನ್ನು ಹಿಡಿದೇ ಬರುತ್ತವೆ ಎಂಬುದನ್ನೂ ಮರೆಯಬೇಡಿ.

ಪಿತ್ರಾರ್ಜಿತ ಜಮೀನಾದರೆ ಇನ್ನೊಂದು ಮಾತುಂಟು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯದೆಗೆ ಆದ ತಿದ್ದುಪಡಿಯಂತೆ ಹೆಣ್ಣುಮಕ್ಕಳೂ ಗಂಡುಮಕ್ಕಳಷ್ಟೇ ಪಾಲುದಾರರು. ಅವರ ಪಾಲನ್ನು ಸೇರಿಸಿ ಒಬ್ಬ ಮಗನಿಗೆ ಬರೆಯುವ ಅಧಿಕಾರ ಅಪ್ಪನಿಗಿಲ್ಲ.

ಬದುಕಿರುವಾಗಲೇ ಬರೆದುಕೊಡಬೇಕಾದ ಸಂದರ್ಭವೂ ಬರುತ್ತದೆ. ಆಗ ಏನು ಮಾಡಬೇಕು? ಹಿರಿಯರಿಗಾಗಿ ಸರ್ಕಾರ 2007ರಲ್ಲಿ ಒಂದು ಕಾಯದೆ ಮಾಡಿದೆ. ತಂದೆತಾಯಂದಿರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯದೆ ಎಂದು ಅದರ ಹೆಸರು. ಅರವತ್ತು ತುಂಬಿದವರೆಲ್ಲ ಅದರ ಲೆಕ್ಕದಲ್ಲಿ ಹಿರಿಯ ನಾಗರಿಕರು. ಅದರ 23ನೆಯ ಕಲಮು ಹೀಗೆ ಹೇಳುತ್ತದೆ: ನನ್ನನ್ನು ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಹಿರಿಯರು ಆಸ್ತಿ ಕೊಟ್ಟಿದ್ದು, ಪಡೆದವನು ನೋಡಿಕೊಳ್ಳದೆ ಹೋದರೆ, ಆ ಪತ್ರ ಮೋಸದಿಂದಲೋ ಬಲವಂತದಿಂದಲೋ ಆದದ್ದೆಂದು ಎಣಿಸಿ, ಹಿರಿಯರು ಬಯಸಿದಲ್ಲಿ ರದ್ದು ಮಾಡಬಹುದು.

ಷರತ್ತಿನ ಮೇಲೆ ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಅಂಥ ಷರತ್ತು ಇತ್ತೆಂದು ತೋರಿಸಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಒಬ್ಬ ತಾಯಿಯ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ದಾನಪತ್ರವನ್ನು ರದ್ದುಪಡಿಸಿ ಆಸ್ತಿಯನ್ನು ತಾಯಿಗೆ ಮರಳಿಸಿತು. ತಾಯಿಯನ್ನು ನೋಡಿಕೊಳ್ಳುತ್ತೇನೆ ಎಂದು ಮಗ ಬರೆದುಕೊಟ್ಟಿದ್ದ ಕಾಗದ ಅಲ್ಲಿ ಆ ತಾಯಿಯ ನೆರವಿಗೆ ಬಂತು. ಬಾಯಿಮಾತು ಗಾಳಿಗೆ ಹೋಗುತ್ತದೆ, ಬರಹ ಉಳಿಯುತ್ತದೆ.

ಆದ್ದರಿಂದ ಪತ್ರ ಬರೆಸುವಾಗ ಪತ್ರಬರಹಗಾರರಿಗೆ ಹೀಗೆ ಹೇಳಿ: "ನನಗೂ ನನ್ನ ಹೆಂಡತಿಗೂ ಜೀವ ಇರುವವರೆಗೆ ಊಟ, ಬಟ್ಟೆ, ಇರಲು ಜಾಗ, ಔಷಧೋಪಚಾರ ಕೊಡತಕ್ಕದ್ದು, ತಪ್ಪಿದರೆ ಪತ್ರ ರದ್ದಾಗತಕ್ಕದ್ದು ಅಂತ ಬರೀರಿ." ವಾಸದ ಮನೆಯಲ್ಲಿ ಇರುವ ಹಕ್ಕು, ಜಮೀನಿನ ಫಸಲಿನಲ್ಲಿ ಒಂದು ಭಾಗ, ಇವನ್ನೂ ಬರೆಸಬಹುದು. ರುಜು ಹಾಕುವ ಮುಂಚೆ ಪತ್ರವನ್ನು ಪೂರ್ತಿ ಓದಿಸಿ ಕೇಳಿ. ಸಾಧ್ಯವಾದರೆ ಎಲ್ಲವನ್ನೂ ಕೊಟ್ಟುಬಿಡಬೇಡಿ. ಹತ್ತು ಗುಂಟೆಯಾದರೂ ನಿಮ್ಮ ಹೆಸರಿನಲ್ಲಿರಲಿ.

ಹಾಗಾದರೆ ಆ ಯಜಮಾನರಂತೆ ಈಗಾಗಲೇ ಬರೆದುಕೊಟ್ಟವರ ಗತಿಯೇನು? ಅವರೂ ಧೈರ್ಯಗೆಡಬೇಕಾಗಿಲ್ಲ. ಪತ್ರದಲ್ಲಿ ಷರತ್ತು ಇರಲಿ ಬಿಡಲಿ, ತಮ್ಮ ಸಂಪಾದನೆಯಲ್ಲಿ ಜೀವನ ಸಾಗಿಸಲಾರದ ತಂದೆತಾಯಿ ಮಕ್ಕಳಿಂದ ಪೋಷಣೆ ಕೇಳುವ ಹಕ್ಕು ಪಡೆದಿದ್ದಾರೆ. ಮಗ ಮಾತ್ರವಲ್ಲ, ಮಗಳು, ವಯಸ್ಸಿಗೆ ಬಂದ ಮೊಮ್ಮಕ್ಕಳೂ ಇದಕ್ಕೆ ಬದ್ಧರು. ಮಕ್ಕಳಿಲ್ಲದವರಾದರೆ, ಅವರ ಆಸ್ತಿ ಪಡೆದ ಅಥವಾ ಮುಂದೆ ಪಡೆಯುವ ಬಂಧುಗಳನ್ನು ಕೇಳಬಹುದು. ಅರ್ಜಿ ಕೊಡಬೇಕಾದ್ದು ಉಪವಿಭಾಗಾಧಿಕಾರಿಗಳಿಗೆ, ಅಂದರೆ ನಮ್ಮ ಜನ ಎ.ಸಿ. ಸಾಹೇಬರು ಎನ್ನುವವರಿಗೆ. ವಕೀಲರಿಲ್ಲದೆ ನೀವೇ ಅರ್ಜಿ ಕೊಡಬಹುದು. ಕೈಲಾಗದಿದ್ದರೆ ನಿಮ್ಮ ಪರವಾಗಿ ಬೇರೊಬ್ಬರು ಕೊಡಬಹುದು. ಮಕ್ಕಳಿಗೆ ನೋಟೀಸು ಮುಟ್ಟಿದ 90 ದಿನಗಳೊಳಗೆ ತೀರ್ಮಾನವಾಗಬೇಕು, ವಿಶೇಷ ಕಾರಣವಿದ್ದರೆ ಇನ್ನು 30 ದಿನ. ತಿಂಗಳಿಗೆ ಗರಿಷ್ಠ 10,000 ರೂಪಾಯಿವರೆಗೆ ಪೋಷಣೆ ಗೊತ್ತುಮಾಡಬಹುದು. ತೀರ್ಮಾನ ಒಪ್ಪಿಗೆಯಾಗದಿದ್ದರೆ ಹಿರಿಯರು 60 ದಿನಗಳೊಳಗೆ ಜಿಲ್ಲಾಧಿಕಾರಿಗಳ ಬಳಿ ಮೇಲ್ಮನವಿ ಮಾಡಿಕೊಳ್ಳಬಹುದು. ದಾರಿ ತಿಳಿಯದಿದ್ದರೆ 14567 ಎಂಬ ಹಿರಿಯರ ಸಹಾಯವಾಣಿಗೆ ಫೋನ್ ಮಾಡಿ ಕೇಳಿ.

ನಮ್ಮ ಯಜಮಾನರಿಗೆ ಇದನ್ನೆಲ್ಲ ಹೇಳಿದೆ. ಸುಮ್ಮನೆ ಕೇಳಿ, "ಮಗನ ಮೇಲೆ ಅರ್ಜಿ ಕೊಡಾಕೆ ಮನಸ್ಸು ಬರಲ್ಲಪ್ಪಾ" ಎಂದರು. ಆ ಮಾತಿಗೆ ನಾನೇನು ಹೇಳಲಿ? ಹೆತ್ತವರ ಮನಸ್ಸೇ ಹಾಗೆ. ಅದಕ್ಕೇ ಹೇಳುತ್ತೇನೆ, ಆಮೇಲೆ ಅರ್ಜಿ ಬರೆಯುವ ಕಷ್ಟಕ್ಕಿಂತ ಮೊದಲೇ ಒಂದು ಸಾಲು ಬರೆಸುವುದು ಸುಲಭ. ಅದು ಮಗನ ಮೇಲಿನ ಅಪನಂಬಿಕೆಯಲ್ಲ. ಹೊಲಕ್ಕೆ ಬೇಲಿ ಹಾಕುವವರು ಪಕ್ಕದ ಹೊಲದವನನ್ನು ಕಳ್ಳನೆಂದು ತಿಳಿದು ಹಾಕುವುದಿಲ್ಲವಷ್ಟೆ?

ಅವರನ್ನು ನಾಡಕಚೇರಿಗೆ ಕರೆದುಕೊಂಡು ಹೋಗಿ ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿ ಹಾಕಿಸಿದೆ. 65 ತುಂಬಿದ, ಆದಾಯ ಮಿತಿಯೊಳಗಿನ ಹಿರಿಯರಿಗೆ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ಮಂಜೂರಾದ ಮೇಲೆ ಒಂದು ದಿನ ಸಂತೆಯಲ್ಲಿ ಸಿಕ್ಕಿ, "ಈ ತಿಂಗಳು ಮಾತ್ರೆ ನನ್ನ ದುಡ್ಡಿನಾಗೇ ತಗೊಂಡೆ" ಎಂದು ಚೀಟಿ ತೋರಿಸಿದರು. ಮೊತ್ತ ಸಣ್ಣದು. ಆದರೆ ಅವರು ನಿಂತಿದ್ದ ರೀತಿಯೇ ಬೇರೆಯಾಗಿತ್ತು.

ಮಕ್ಕಳೇ, ಸೊಸೆಯಂದಿರೇ, ನಿಮಗೂ ಒಂದು ಮಾತು. ಮುಪ್ಪಿನಲ್ಲಿ ಮನುಷ್ಯನಿಗೆ ಊಟವೊಂದೇ ಸಾಲದು. ಪಿಂಚಣಿಯ ಪಾಸ್‌ಬುಕ್ಕು ಅವರ ಕೈಯಲ್ಲೇ ಇರಲಿ. ಹಿತ್ತಲಿನ ನಾಲ್ಕು ಮಡಿಯ ಸೊಪ್ಪು, ಒಂದು ಹಸು, ಏನಾದರೊಂದು ಅವರದೇ ಎಂದಿರಲಿ. ಬಿತ್ತನೆಗೆ ಮುಂಚೆ, "ಅಪ್ಪಾ, ಈ ಸಲ ಯಾವ ತಳಿ ಹಾಕಾನ?" ಎಂದು ಕೇಳಿ. ಹಣ್ಣೆಲೆ ಉದುರುವಾಗ ಚಿಗುರೆಲೆ ನಕ್ಕಿತಂತೆ ಎಂಬ ಗಾದೆ ನಿಮಗೂ ಗೊತ್ತು. ಚಿಗುರು ಹಣ್ಣಾಗಲು ಬಹಳ ಕಾಲ ಬೇಕಿಲ್ಲ.

ನಿಮ್ಮ ಮನೆಯಲ್ಲಿ ಹೊಲ ಬರೆದುಕೊಡುವ ಮಾತು ನಡೆದಿದ್ದರೆ, ಇವತ್ತು ರಾತ್ರಿ ಊಟವಾದ ಮೇಲೆ ಎಲ್ಲರೂ ಕೂತು ಈ ವಿಷಯವನ್ನು ಮಾತಾಡಿ.