ವೆನೀರ್ ಬದಲಿಸುವ ಹೊತ್ತು

ಮಂಡ್ಯ ತಾಲ್ಲೂಕಿನ ದುದ್ದ. ಕಬ್ಬು ಮುರಿದು ಮುಂಹಲ್ಲಿನಲ್ಲೇ ಸಿಪ್ಪೆ ಸುಲಿಯುವ ಸೀಮೆ. ಆ ಹಲ್ಲಿಗೆ ವೆನೀರ್ ಹಾಕಿಸಿದ್ದರೆ?

ವೆನೀರ್ ಅಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳುಪದರ. ಪಿಂಗಾಣಿಯದಾದರೆ ದಪ್ಪ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್. 1928ರ ಸುಮಾರಿಗೆ ದಂತವೈದ್ಯ ಚಾರ್ಲ್ಸ್ ಪಿಂಕಸ್ ಹಾಲಿವುಡ್ ನಟರಿಗೆ ಮಾಡಿಕೊಟ್ಟದ್ದು ಚಿತ್ರೀಕರಣದ ಹೊತ್ತಿಗಷ್ಟೇ. ಇಂದಿನ ಪಿಂಗಾಣಿಯದು ಸಾಮಾನ್ಯವಾಗಿ 10–15 ವರ್ಷ ಬಾಳುತ್ತದೆ, ಕಾಂಪೋಸಿಟ್ (ಹಲ್ಲಿನ ಬಣ್ಣದ ರಾಳ) ಆದರೆ 5–7.

ವರ್ಷ ಎಣಿಸುವುದಕ್ಕಿಂತ ಕನ್ನಡಿ ನೋಡುವುದು ಮೇಲು. ತುಟಿ ಎತ್ತಿದಾಗ ವಸಡಿನಂಚಿನಲ್ಲಿ ಕಂದು ಗೆರೆ ಕಂಡರೆ, ತಣ್ಣೀರಿಗೆ ಹಲ್ಲು ಜುಮ್ಮೆಂದರೆ, ಒಳಗೆ ಹುಳುಕು ಸೇರಿರಬಹುದು. ಬರೀ ಮೇಲಿನ ಕಲೆಯಾದರೆ ಪಾಲಿಷ್ ಸಾಕಾಗಬಹುದು. ಬಿರುಕು, ಅಲುಗಾಟ ಇದ್ದರೆ ತಡಮಾಡುವಂತಿಲ್ಲ.

ಕಳಚಿ ಬಿದ್ದ ಪದರವನ್ನು ಮನೆಯ ಗೋಂದಿನಿಂದ ಅಂಟಿಸಬಾರದು. ಡಬ್ಬಿಯಲ್ಲಿಟ್ಟು ದಂತವೈದ್ಯರ ಬಳಿ ಒಯ್ಯಬೇಕು. ಇನ್ನು ವೆನೀರ್ ಹಾಕಿಸಿದವರು ಕಬ್ಬನ್ನು ಮಚ್ಚಿನಲ್ಲಿ ಸುಲಿದು, ತುಂಡು ಮಾಡಿ, ದವಡೆ ಹಲ್ಲಿನಲ್ಲೇ ಜಗಿಯಬಹುದು.